ಮಾದಮ್ಮನ ಹಿತ್ತಲು ಸೇರಿದ ದೇವರುಗಳು

ಅರಸೀಕೆರೆ ಬಸ್ ನಿಲ್ದಾಣದ ಬಾಗಿಲಲ್ಲಿ ಹೂವಿನ ಕುಕ್ಕೆ ಇಟ್ಟುಕೊಂಡು ಕೂರುತ್ತಿದ್ದ ಮಾದಮ್ಮ ನಮ್ಮ ಬೀದಿಯ ಕೊನೆಯ ಮನೆ ಕೊಂಡದ್ದು ತೊಂಬತ್ತೇಳನೇ ಇಸವಿಯಲ್ಲಿ. ಹೆಂಚು ಒಡೆದಿತ್ತು, ಗೋಡೆ ಉಬ್ಬಿತ್ತು. ಅವಳ ಕಣ್ಣು ಬಿದ್ದದ್ದು ಮನೆಯ ಮೇಲಲ್ಲ, ಹಿತ್ತಲಿನ ಮೇಲೆ. ಗಂಡ ಹೋದ ಮೇಲೆ ಬಾಡಿಗೆ ಕೋಣೆಯಲ್ಲಿದ್ದು, ನಸುಕಿನಲ್ಲೇ ಹಾರನಹಳ್ಳಿಯ ಹೂವಿನವರ ದಾರಿ ಕಾದು, ಅವರು ಕೊಟ್ಟ ಬಾಡಿದ ಹೂವನ್ನೇ ಕಟ್ಟಿ ಮಾರಿದ ಹೆಂಗಸು. ಸ್ವಂತ ಮಣ್ಣಲ್ಲಿ ಕಾಕಡ, ಕನಕಾಂಬರ ಬೆಳೆದು ತಾನೇ ಬಿಡಿಸಿ ಕಟ್ಟಬೇಕು ಎನ್ನುವುದು ಅವಳ ಹಟ.

ವರ್ಷಗಟ್ಟಲೆ ಬೀಗ ಬಿದ್ದಿದ್ದ ಮನೆಯ ಹಿತ್ತಲು ಹೇಗಿರುತ್ತದೆ? ಲಂಟಾನದ ಪೊದೆ ಆಳುದ್ದ ಎದ್ದು, ಒಳಗೆ ಹಂದಿ ಹೊಕ್ಕರೆ ಹೊರಗೆ ತಿಳಿಯುತ್ತಿರಲಿಲ್ಲ. ಮಾದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಮಚ್ಚು ಹಿಡಿದು ಒಬ್ಬಳೇ ಇಳಿದಳು. ನಾನು ಪಕ್ಕದ ಮನೆಯವನು, ಜಗಲಿಯಿಂದ ನೋಡುತ್ತಿದ್ದೆ. ಶಾಲೆಯಲ್ಲಿ ಹೆಚ್ಚು ಕೂತವನಲ್ಲ ನಾನು, ಆದರೆ ಮಣ್ಣಿನ ವಿಚಾರ ಇನ್ನೊಬ್ಬರಿಂದ ಹೇಳಿಸಿಕೊಂಡವನೂ ಅಲ್ಲ.

"ಬುಡ ಕೀಳ್ದೆ ಮೇಲ್ಮೇಲೆ ಸವರಿದ್ರೆ ಮಳೆ ಬಿದ್ದೇಟಿಗೆ ಮತ್ತೆ ಬತ್ತದೆ ಕಣಮ್ಮ," ಅಂದೆ.

"ಕೂತ್ಕಂಡು ಹೇಳೋಕೆ ಯಾರಾದ್ರೂ ಆದಾರು. ಗುದ್ದಲಿ ತಕ್ಕೊಂಡು ಬಾರಣ್ಣ," ಅಂದಳು. ಹೋದೆ.

ಬೇವಿನ ಮರದ ಬುಡ ಬಿಡಿಸುವಾಗ ಮಚ್ಚು ಗಾಜಿಗೆ ತಾಗಿತು. ಪೊದೆ ಸರಿಸಿ ನೋಡಿದರೆ ದೇವರುಗಳ ರಾಶಿ. ಕಟ್ಟು ಬಿಟ್ಟ ಲಕ್ಷ್ಮಿ ಪಟ, ಗೆದ್ದಲು ತಿಂದ ವೆಂಕಟರಮಣ, ಕೈ ಮುರಿದ ಮಣ್ಣಿನ ಕೃಷ್ಣ. ಗಾಜು ಒಡೆದ ಪಟ ಮನೆಯಲ್ಲಿ ಇಟ್ಟುಕೊಳ್ಳಬಾರದು, ಕಸಕ್ಕೆ ಹಾಕಲು ಭಯ, ಹೊಳೆಗೆ ಒಯ್ಯಲು ಸೋಮಾರಿತನ. ಹಾಗಾಗಿ ನಮ್ಮ ಜನ ಕಂಡವರ ಮರದ ಬುಡಕ್ಕೆ ಒರಗಿಸಿ, ಒಮ್ಮೆ ಕೈ ಮುಗಿದು, ಹಿಂದಕ್ಕೆ ತಿರುಗಿ ನೋಡದೆ ಬಂದುಬಿಡುತ್ತಾರೆ. ಇದಕ್ಕೆ ಭಕ್ತಿ ಅಂತ ಹೆಸರು ಬೇರೆ.

ಮಾದಮ್ಮ ನಲ್ಲಿಯ ಹತ್ತಿರ ಹೋಗಿ, "ನಿಮ್ನಿಮ್ಮ ದೇವರನ್ನ ಬಂದು ಎತ್ಕೊಂಡೋಗಿ," ಎಂದು ಕೂಗಿ ಹೇಳಿದಳು. ಬೀದಿಗೆ ಬೀದಿಯೇ ಕೊಡ ತುಂಬುವುದರಲ್ಲಿ ಮುಳುಗಿಹೋಗಿತ್ತು.

ಆಮೇಲೆ ಅವಳು ಮಾಡಿದ್ದೇ ತಪ್ಪಾಯಿತು. ಬೇಲೂರಿಗೆ ಒಯ್ದು ಯಗಚಿ ಹೊಳೆಗೆ ಬಿಡುವ ತನಕ ಕೊಳಕಾಗಿ ಬಿದ್ದಿರುವುದು ಬೇಡವೆಂದು ಒಂದೊಂದನ್ನೂ ಒರೆಸಿ, ಬೇವಿನ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ಕುಂಕುಮ ಇಟ್ಟು, ದೀಪ ಹಚ್ಚಿದಳು. ಶುಕ್ರವಾರ ಹೆಂಗಸರು ಕರ್ಪೂರ ಹಿಡಿದು ಬಂದರು. ಅದರ ಹಿಂದೆಯೇ ಕೊಬ್ಬರಿ ಮಂಡಿಯ ನಂಜುಂಡಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, ಕೋಲಿನಲ್ಲಿ ನೆಲದ ಮೇಲೆ ಗೆರೆ ಎಳೆದ. ಇಲ್ಲಿ ದೇವರಿಗೆ ಕಟ್ಟೆ, ಮೇಲೆ ಶೀಟು, ಬೀದಿಯಿಂದ ಒಂದು ದಾರಿ ಎಂದ. ಗೆರೆ ಹಿತ್ತಲನ್ನು ಮುಕ್ಕಾಲು ನುಂಗಿತು.

"ಇದು ನನ್ನ ಜಾಗ, ನಂಜುಂಡಯ್ಯೋರೇ."

"ದೀಪ ಹಚ್ಚಿದ ಮೇಲೆ ಬೀದೀದು ಕಣಮ್ಮ. ದೇವರೇ ತಾವಾಗಿ ಬಂದು ನೆಲೆ ನಿಂತವೆ."

"ತಾವಾಗಿ ಬಂದ್ವಾ? ಕಟ್ಟು ಬಿಟ್ಟ ಪಟ ಬೇಲಿ ಹಾರ್ಕೊಂಡು ಬಂತಾ? ನಿಮ್ಮನೇಲಿ ಅಷ್ಟು ದೊಡ್ಡ ಹಜಾರ ಐತಲ್ಲ, ಅಲ್ಲಿಗೆ ಕರ್ಕೊಂಡೋಗಿ."

ಯಾರೋ ಕಿಸಕ್ಕೆಂದರು. ನಂಜುಂಡಯ್ಯನ ಮುಖ ಬಿಗಿಯಿತು. "ಹಚ್ಚಿದ ದೀಪ ಆರಿಸಿ ಎತ್ತಿದ್ರೆ ಕೇಡು ನಿನಗೇ. ಗೌರಿ ಹಬ್ಬ ಕಳೀಲಿ, ಕಟ್ಟೆಗೆ ಕಲ್ಲು ಹೊಡಿಸ್ತೀನಿ," ಎಂದು ಹೊರಟ. ಒಡೆದ ದೇವರನ್ನು ಪೊದೆಯಲ್ಲಿ ಕೊಳೆಯಬಿಟ್ಟ ಬೀದಿಗೆ, ಹೂ ಮಾರುವವಳ ನೆಲ ಕಂಡಾಗ ಭಕ್ತಿ ಉಕ್ಕಿ ಬಂತು.

ಮಾದಮ್ಮನಿಗೆ ಮಾತ್ರ ನಿಜವಾಗಿ ಹೆದರಿಕೆ ಹತ್ತಿತು. "ಹಚ್ಚಿದೋಳು ನಾನೇ ಅಲ್ವೇನಣ್ಣ," ಎಂದು ಗುದ್ದಲಿ ಮೂಲೆಗಿಟ್ಟಳು. ಹಾರನಹಳ್ಳಿಯಿಂದ ತಂದ ಕಾಕಡದ ಕಡ್ಡಿಗಳು ಒದ್ದೆ ಗೋಣಿಯಲ್ಲೇ ಕಪ್ಪಾಗತೊಡಗಿದವು. ಇನ್ನೊಂದು ವಾರ ಬಿಟ್ಟರೆ ಒಲೆಗೆ ಹಾಕಬೇಕಾಗಿತ್ತು.

ಅಷ್ಟರಲ್ಲಿ ಗೌರಿ ಗಣೇಶ ಬಂತು. ಗಣಪನನ್ನು ಬಿಡುವ ದಿನ ನಂಜುಂಡಯ್ಯನ ಮನೆಗೆ ಹಾರ ಕೊಡಲು ಹೋದ ಮಾದಮ್ಮ ಬಾಗಿಲಲ್ಲೇ ನಿಂತಳು. ಆತ ಮಂಗಳಾರತಿ ಮಾಡಿ, ಮೊಸರವಲಕ್ಕಿ ನೈವೇದ್ಯ ಇಟ್ಟು, ವಿಸರ್ಜನೆಯ ಗುರುತಿಗೆ ಗಣಪನ ಮಣೆಯನ್ನು ಉತ್ತರಕ್ಕೆ ಒಂದಿಷ್ಟು ಕದಲಿಸಿದ.

"ಇಷ್ಟು ದಿನ ದೀಪ ಹಚ್ಚಿದ ದೇವರನ್ನ ಎತ್ತಬೋದಾ, ನಂಜುಂಡಯ್ಯೋರೇ?"

"ಕದಲಿಸಿದ ಮೇಲೆ ದೋಷ ಇಲ್ಲ ಕಣಮ್ಮ. ಕರೆದಂಗೇ ಕಳಿಸಿಕೊಡೋದು," ಎಂದ, ನೆಂಟರ ಎದುರಿಗೆ, ದೊಡ್ಡ ದನಿಯಲ್ಲಿ.

ಮಾರನೆಯ ಬೆಳಿಗ್ಗೆ ಮಾದಮ್ಮ ತಲೆಗೆ ಸ್ನಾನ ಮಾಡಿ ಬೀದಿಯವರನ್ನೆಲ್ಲ ಕರೆದಳು. ಮಂಗಳಾರತಿ ಎತ್ತಿದಳು, ಮೊಸರವಲಕ್ಕಿ ಇಟ್ಟಳು. ಒಂದೊಂದೇ ಪಟವನ್ನು ಉತ್ತರಕ್ಕೆ ಕದಲಿಸಿದಳು.

"ಅದು ಬೇರೆ, ಇದು ಬೇರೆ," ಎಂದ ನಂಜುಂಡಯ್ಯ.

"ಹೆಂಗೆ ಬೇರೆ? ನಿಮ್ಮ ಗಣಪ್ಪ ಕೇಳ್ತಾನೆ, ನನ್ನ ಲಕ್ಷ್ಮಿ ಕೇಳಾಕಿಲ್ವಾ?"

ಆತ ಸುತ್ತ ನೋಡಿದ. ಹಿಂದಿನ ದಿನ ಇದೇ ಕೆಲಸ ಮಾಡಿದ್ದ ಮನೆಗಳವರೇ ಎಲ್ಲ. ಆತ ಪಂಚೆ ಎತ್ತಿ ಕಟ್ಟಿಕೊಂಡು ನಡೆದ.

ಹಳೇಬೀಡಿನ ಮೇಲೆ ಹೋಗುವ ಬೇಲೂರು ಬಸ್ಸಿಗೆ ಮೂಟೆ ಏರಿಸಿದವನು ನಾನೇ. "ಏನು ಯಜಮಾನ್ರೇ ಇದು?" ಎಂದ ಕಂಡಕ್ಟರು. "ದೇವರು ಕಣಪ್ಪ," ಅಂದೆ. ನನ್ನ ಮುಖ ನೋಡಿ ಎರಡು ಟಿಕೆಟ್ ಹರಿದುಕೊಟ್ಟ. ಹೊಳೆಯ ದಡದಲ್ಲಿ ಗಾಜು ತೆಗೆದಿಟ್ಟು, ಕಾಗದದ ದೇವರನ್ನೆಲ್ಲ, ಮಣ್ಣಿನ ಕೃಷ್ಣನನ್ನೂ ಹರಿಯುವ ನೀರಿಗೆ ಬಿಟ್ಟೆವು. ಮಾದಮ್ಮ ಅತ್ತಳು.

ಊರಿಗೆ ಬಂದವಳು ಸೀರೆ ಕೂಡ ಬದಲಿಸದೆ ಗುದ್ದಲಿ ಹಿಡಿದಳು. ನಂಜುಂಡಯ್ಯನ ಗೆರೆಯ ಮೇಲೆಯೇ ಪಾತಿ ತೆಗೆದು, ಜೀವ ಉಳಿದಿದ್ದ ಕಡ್ಡಿಗಳನ್ನು ಆರಿಸಿ ನೆಟ್ಟೆವು.

ಶುಕ್ರವಾರ ಮತ್ತೆ ಇಬ್ಬರು ಹೆಂಗಸರು ಕರ್ಪೂರದ ತಟ್ಟೆ ಹಿಡಿದು ಹಿತ್ತಲಿಗೆ ಬಂದರು. "ದೇವರೆಲ್ಲಿ ಮಾದಮ್ಮ?" ಎಂದರು.

"ಹೊಳೆಗೆ ಹೋದರು," ಎಂದಳು ಮಾದಮ್ಮ, ನೀರಿನ ತಂಬಿಗೆ ಕೆಳಗಿಡದೆ. "ಕಾಲು ಆ ಕಡೆ ಇಡ್ರಮ್ಮ. ಕಾಕಡ ಚಿಗುರ್ತಾ ಐತೆ."