ಪಂಚಮಿಯ ಬೆಳಗಿನ ಆಕ್ಸಿಜನ್

೧೯೯೩ರಲ್ಲಿ, ಏಳನೆಯ ತರಗತಿಯ ನಡುವೆಯೇ ನನ್ನ ಓದು ನಿಂತಿತು. ಆಮೇಲೆ ಮುಂಬೈ, ನೆಲಕ್ಕೆ ಫರ್ಶಿ ಕಲ್ಲು ಕೂರಿಸುವ ಕೆಲಸ. ಮುಲುಂಡಿನ ಎಷ್ಟೋ ಬಿಲ್ಡಿಂಗುಗಳಲ್ಲಿ ಜನ ಓಡಾಡುವ ನೆಲ ನನ್ನ ಕೈಯದು. ಬೇಕಾದರೆ ಗೋಲಿ ಇಟ್ಟು ನೋಡಿ, ಉರುಳುವುದಿಲ್ಲ.

ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದಾಗ ಇಲ್ಲಿನ ಆಸ್ಪತ್ರೆಯಲ್ಲೇ ಕೀಮೋ ಶುರುವಾಯಿತು. ಒಂದು ಕೀಮೋ ಮುಗಿದು ಇನ್ನೊಂದು ಬರುವತನಕ ಅವಳು ವಿಜಯಪುರದ ಕಡೆ, ತನ್ನ ಅಣ್ಣನ ಮನೆಯಲ್ಲಿರುತ್ತಾಳೆ. ಇಲ್ಲಿ ಭಾಂಡುಪ್‌ನ ನನ್ನ ಒಂಟಿ ಕೋಣೆಯ ಖೋಲಿಯಲ್ಲಿ ಹಗಲು ಅವಳನ್ನು ನೋಡಿಕೊಳ್ಳುವವರಿಲ್ಲ. ಆಸ್ಪತ್ರೆಯವರು ಬೆರಳಿಗೆ ಸಿಕ್ಕಿಸುವ ಒಂದು ಕ್ಲಿಪ್ ಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ಅವಳು ಅದನ್ನು ಹಾಕಿಕೊಂಡರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂಬ ಅಂಕಿ ಅವರಿಗೂ ನನ್ನ ಫೋನಿಗೂ ಬರುತ್ತದೆ. ತೊಂಬತ್ತರ ಕೆಳಗಿಳಿದರೆ ತಡಮಾಡದೆ ಕರೆತನ್ನಿ ಎಂದಿದ್ದಾರೆ. ಆ ಅಂಕಿ ನೋಡದೆ ನಾನು ಚಹಾ ಕುಡಿಯುವುದಿಲ್ಲ. ಎಷ್ಟೋ ದಿನ ಖೋಲಿಯಲ್ಲಿ ಅದೊಂದೇ ನನ್ನನ್ನು ಮಾತಾಡಿಸುವುದು.

ನಾಗರ ಪಂಚಮಿಯ ಬೆಳಿಗ್ಗೆ ಎಂಬತ್ತೊಂದು ಬಂತು. ಅವಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಅಣ್ಣನೂ ಎತ್ತಲಿಲ್ಲ. ಕೆಲಸದ ಚೀಲ ಬಾಗಿಲಲ್ಲೇ ಬಿಟ್ಟು ಸ್ಟೇಷನ್ನಿಗೆ ಓಡಿದೆ. ಊರಿನ ಗಾಡಿ ಇರುವುದು ಸಂಜೆಗೆ, ಆದರೂ ಓಡಿದೆ. ಲೋಕಲ್‌ಗಳು ಬಂದವು, ಹೋದವು. ಅಷ್ಟು ಜನರಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.

ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು. ಬೆರಳಿಗೆ ಏನಾದರೂ ಹಚ್ಚಿಕೊಂಡಿದ್ದಾರಾ ಕೇಳಿ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪು ಬರುತ್ತದೆ, ಹಾಗಿದ್ದರೆ ಕಾಲ್ಬೆರಳಿಗೆ ಹಾಕಿಸಿ, ಎಂದರು ಮರಾಠಿಯಲ್ಲಿ. ಆ ಫೋನ್ ಇಡುವಷ್ಟರಲ್ಲಿ ಹೆಂಡತಿಯದೇ ಫೋನ್ ಬಂತು.

"ಯಾಕ್ರೀ, ಎಷ್ಟ್ ಸಲ ಮಾಡೀರಿ! ಜೋಕಾಲಿ ಕಟ್ಯಾರ, ಎಲ್ಲಾರೂ ಅಲ್ಲೇ ಇದ್ವಿ."

"ಉಸಿರು ಹೆಂಗದ?"

"ಜೋಕಾಲಿ ಮ್ಯಾಲ ಕುಂತಿದ್ನಿ ಅಂದ್ರ ಉಸಿರು ಕೇಳ್ತೀರಲ್ಲ!"

"ಬೆರಳಿಗೆ ಏನ್ ಹಚ್ಕೊಂಡಿ?"

"ಮೆಹಂದಿ. ತುದಿ ತುಂಬ ಹಚ್ಚೀನಿ, ಉಗುರೆಲ್ಲಾ ಕರ್ರಗಾಗ್ಯಾವ. ತಲಿ ಕೂದಲಂತೂ ಹ್ವಾದ್ವು, ಕೈಯರ ಕೆಂಪಿರಲಿ ಅಂತ."

ನರ್ಸ್ ಹೇಳಿಕೊಟ್ಟಂತೆ ಕ್ಲಿಪ್ಪನ್ನು ಕಾಲ್ಬೆರಳಿಗೆ ಸಿಕ್ಕಿಸಲು ಹೇಳಿದೆ. ಅಲ್ಲಿಯೂ ಹಚ್ಚಿದ್ದಾಳೋ ಏನೋ ಎಂದು ಕೇಳಿದೆ.

"ಕಾಲಿಗ್ಯಾಕ? ನೋಡಾಕ ನೀವೇನು ಇಲ್ಲಿದ್ದೀರಿ?"

ತೊಂಬತ್ತೈದು ಬಂತು. ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಂಗೈಯ ಒಂದು ಫೋಟೋ ಕಳಿಸು ಎಂದೆ.

"ಬ್ಯಾಡ್ರಿ. ಬಂದು ನೋಡ್ರಿ" ಎಂದಳು. ಅವಳ ಹಿಂದೆ ಹೆಂಗಸರು ನಗುತ್ತಿದ್ದರು. ಫೋನ್ ಇಟ್ಟಳು.

ಈಗ ನನಗಿರುವುದಿಷ್ಟು: ಭಾಂಡುಪ್‌ನಲ್ಲಿ ಒಂದು ಖೋಲಿ, ದುಡಿಯುವ ಎರಡು ಕೈ, ಊರಿನಲ್ಲಿ ಒಬ್ಬಳು ಹೆಂಡತಿ, ಅವಳಿಗೆ ಇನ್ನೂ ಎರಡು ಕೀಮೋ.