ಬೇವಿನ ಮರದವರೆಗೆ

ಕೊಲ್ಲಿ ದೇಶದ ಅಲ್ ಐನ್‌ಗೆ ಬಂದ ಮೊದಲ ಜೂನ್‌ನಲ್ಲಿ ಸೈಕಲ್ ಕ್ಲಬ್ಬಿನ ಕೋಚ್ ನನಗೊಂದು ಹಾಳೆ ಕಳಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ‘ಚಳಿಗಾಲದ ಅಭ್ಯಾಸ, ಮನೆಯೊಳಗೆ’ ಎಂದಿತ್ತು. ಹೊರಗೆ ನಲವತ್ತಾರು ಡಿಗ್ರಿ. ತಣ್ಣೀರಿನ ನಲ್ಲಿಯ ಕೆಳಗೂ ಕೈ ಇಡಲಾಗುತ್ತಿರಲಿಲ್ಲ. ಆಸಾಮಿಗೆ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅವನು ಇಟಲಿಯವನು. ಅವನ ಊರಿನ ಸವಾರರು ಹಿಮ ಬಿದ್ದಾಗ ಒಳಗೆ ಸೇರುತ್ತಾರೆ, ಇಲ್ಲಿಯವರು ಬಿಸಿಲು ಏರಿದಾಗ. ಇಲ್ಲಿ ರೇಸುಗಳೆಲ್ಲ ನವೆಂಬರ್ ಬಂದ ಮೇಲೆಯೇ. ಹಾಳೆಯ ಹೆಸರು ಬದಲಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ನಾನು ವಿಜಯಪುರದವಳು. ಅಲ್ಲಿಯ ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದವಳು, ಬಿಸಿಲಿಗೆ ಹೆದರಿದವಳಲ್ಲ. ಹಾಳೆ ಬದಿಗಿಟ್ಟು ಬೆಳಗಿನ ಐದಕ್ಕೆ ರಸ್ತೆಗಿಳಿದೆ. ನಮ್ಮೂರಲ್ಲಿ ಆ ಹೊತ್ತಿಗೆ ಮೈಗೆ ತಂಗಾಳಿ ತಾಗುತ್ತದೆ. ಇಲ್ಲಿ ಒಲೆಗೆ ಮುಖ ಒಡ್ಡಿದ ಹಾಗಿತ್ತು. ಅರ್ಧ ಗಂಟೆಯಲ್ಲಿ ರಸ್ತೆ ಬದಿ ಕೂತು ವಾಂತಿ ಮಾಡಿಕೊಂಡೆ. ಆ ವಾರವೇ ಟ್ರೇನರ್ ಕೊಂಡೆ. ಹಿಂದಿನ ಗಾಲಿಯನ್ನು ಹಿಡಿದಿಟ್ಟು ನಿಂತಲ್ಲೇ ತುಳಿಸುವ ಸ್ಟ್ಯಾಂಡ್ ಅದು.

ಇಡುವುದೆಲ್ಲಿ? ನನ್ನ ವಾಸ ಪಾರ್ಟಿಷನ್‌ನಲ್ಲಿ. ಅಂದರೆ ಒಂದು ಹಾಲ್‌ಗೆ ಪ್ಲೈವುಡ್ ಹೊಡೆದು ಮಾಡಿದ ಅರ್ಧ ಕೋಣೆ. ಇನ್ನರ್ಧದಲ್ಲಿ ಮಂಗಳೂರಿನ ನರ್ಸ್ ಗ್ಲಾಡಿಸಕ್ಕ. ನಾನು ಎಕ್ಸ್‌ರೇ ತೆಗೆಯುವ ಆಸ್ಪತ್ರೆಯಲ್ಲೇ ಅವರಿಗೂ ಕೆಲಸ. ಮೂರನೇ ದಿನ ನಾತೂರ್, ಇಲ್ಲಿ ಕಟ್ಟಡದ ಕಾವಲುಗಾರನಿಗೆ ಹಾಗನ್ನುತ್ತಾರೆ, ಬಾಗಿಲು ಬಡಿದ. ಕೆಳಗಿನ ಮನೆಯವರ ತಲೆಯ ಮೇಲೆ ಗುಡುಗಂತೆ.

“ಸಿಸ್ಟರ್, ಸೈಕಲ್ ಮಾಫಿ! ಖಲಾಸ್!”

ಸೈಕಲ್ ಕೂಡದು, ಮುಗೀತು ಎಂದು ಅರ್ಥ. ಗ್ಲಾಡಿಸಕ್ಕ ಅವನೊಂದಿಗೆ ಹಿಂದಿಯಲ್ಲಿ ವಾದಿಸಿ ಸಂಜೆ ಐದರಿಂದ ಆರರವರೆಗೆ ಒಪ್ಪಿಸಿದರು. ತಮ್ಮ ಹಳೆಯ ಹಾಸಿಗೆಯನ್ನೂ ಟ್ರೇನರ್ ಕೆಳಗೆ ಹಾಸಿಕೊಟ್ಟರು. ಈ ದೇಶದಲ್ಲಿ ನಾನು ಗೆದ್ದ ಮೊದಲನೆಯದು ಆ ಒಂದು ಗಂಟೆ.

ಅದು ನನಗೆ ಬೇಕೇಬೇಕಿತ್ತು. ಅಕ್ಟೋಬರ್‌ನಲ್ಲಿ ವಿಜಯಪುರದಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು. ಕೆಲಸಕ್ಕೆಂದು ಊರು ಬಿಟ್ಟಿದ್ದೆ, ಕರ್ನಾಟಕದ ಜೆರ್ಸಿಯನ್ನು ಬಿಟ್ಟಿರಲಿಲ್ಲ. ನನಗೀಗ ಇಪ್ಪತ್ತೊಂಬತ್ತು. ಈ ಸಲ ತಪ್ಪಿದರೆ ಇನ್ನಿಲ್ಲ ಎಂದು ಗೊತ್ತಿತ್ತು.

ಗೋಡೆ ನೋಡುತ್ತಾ ತುಳಿಯುವುದು ಶಿಕ್ಷೆ. ಹಾಗಾಗಿ ದಿನವೂ ಮನಸ್ಸಿನಲ್ಲೇ ನಮ್ಮ ಮನಗೂಳಿ ರಸ್ತೆಗೆ ಇಳಿಯುತ್ತಿದ್ದೆ. ಆಯ್ಕೆಯೂ ಅದೇ ರಸ್ತೆಯಲ್ಲಿ, ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುವ ರೇಸ್. ಚಹಾದಂಗಡಿ, ಕಲ್ಲಿನ ಸೇತುವೆ, ವಾಪಸು ಬರುವಾಗ ಕೊನೆಯಲ್ಲಿ ಎಡಕ್ಕೊಂದು ದೊಡ್ಡ ಬೇವಿನ ಮರ. “ಮೀಟರ್ ನೋಡಬ್ಯಾಡ, ಹಾದಿ ನೋಡು. ಬೇವಿನ ಗಿಡ ಕಾಣೂತನಾ ಬಲ ಹಿಡ್ಕೊಂಡಿರು, ಕಂಡಕೂಡ್ಲೆ ಎಲ್ಲಾ ಸುರುವಿಬಿಡು” ಎಂದು ನಮ್ಮ ಹಾಸ್ಟೆಲ್ ಗುರುಗಳು ಕಲಿಸಿದ್ದರು. ನಾಲ್ಕು ತಿಂಗಳು ಆ ಮರ ಕಂಡಾಗಲೆಲ್ಲ ಸೀಟು ಬಿಟ್ಟು ಎದ್ದೆ.

“ಎಷ್ಟು ತುಳಿದರೂ ಗೋಡೆ ಅಲ್ಲೇ ಉಂಟಲ್ಲ ಮಾರಾಯ್ತಿ. ಇವತ್ತು ಎಲ್ಲಿವರೆಗೆ?” ಎಂದು ಗ್ಲಾಡಿಸಕ್ಕ ಕೇಳುವರು. ನಾನು ಊರ ಹೆಸರು ಹೇಳುವೆ. ಅವರು ಕುಚ್ಚಲಕ್ಕಿ ಗಂಜಿ ಬಡಿಸುವರು. ಜೋಳದ ರೊಟ್ಟಿ ತಿಂದು ಬೆಳೆದ ನನಗೆ ಆ ಗಂಜಿ ಮೊದಮೊದಲು ಕಾಯಿಲೆಯವರ ಊಟ ಅನ್ನಿಸಿತ್ತು. ಆಮೇಲೆ ಅದಿಲ್ಲದೆ ಸಂಜೆ ಸಾಗುತ್ತಿರಲಿಲ್ಲ.

ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ನಾಲ್ಕು ದಿನದ ರಜೆ. ರೇಸಿನ ಹಿಂದಿನ ಸಂಜೆ ಊರು ಮುಟ್ಟಿದೆ.

“ಹಾದಿ ಒಮ್ಮೆ ನೋಡ್ಕೊಂಡ್ ಬಾರವ್ವ” ಎಂದರು ಗುರುಗಳು.

“ಆ ಹಾದಿ ಕಣ್ ಮುಚ್ಚಿದ್ರೂ ಗೊತ್ತೈತ್ರಿ ಸರ್” ಎಂದು ಮಲಗಿಬಿಟ್ಟೆ. ಆ ಜಂಬ ನನಗೆ ಯಾಕೆ ಬೇಕಿತ್ತು!

ಬೆಳಿಗ್ಗೆ ನೋಡಿದರೆ ರಸ್ತೆ ಅಗಲವಾಗಿತ್ತು. ಚಹಾದಂಗಡಿ ಇರಲಿಲ್ಲ. ಸೇತುವೆ ಯಾವಾಗ ದಾಟಿತೋ ತಿಳಿಯಲಿಲ್ಲ. ಕಾಲು ಮಾತ್ರ ಗಟ್ಟಿಯಾಗಿತ್ತು, ಹಿಂದೆಂದೂ ಇಲ್ಲದಷ್ಟು. ವಾಪಸು ಬರುವಾಗ ಬಲ ಹಿಡಿದುಕೊಂಡು ಬೇವಿನ ಮರಕ್ಕೆ ಕಾದೆ. ಈಗ ಬರುತ್ತದೆ, ಇನ್ನೇನು ಬರುತ್ತದೆ ಅನ್ನುವಷ್ಟರಲ್ಲಿ ಕಂಡದ್ದು ಮುಕ್ತಾಯದ ಬಾವುಟ. ನಾಲ್ವರನ್ನು ಆರಿಸಿದರು. ನಾನು ಐದನೆಯವಳು. ಸೋತದ್ದಕ್ಕಿಂತ ಹೆಚ್ಚಾಗಿ, ಕಾಲಲ್ಲಿ ಬಲ ಇನ್ನೂ ಉಳಿದಿತ್ತಲ್ಲ ಎಂದು ಅತ್ತೆ. ಗುರುಗಳು ಸೈಕಲ್ ಬಿಚ್ಚಿ ಪೆಟ್ಟಿಗೆಗೆ ಹಾಕಲು ಕೈ ಜೋಡಿಸಿದರು.

ಅಲ್ ಐನ್‌ನಲ್ಲಿ ಈಗ ಹೊರಗೆ ಹಿತವಾದ ಗಾಳಿ. ಬೆಳಿಗ್ಗೆ ಕ್ಲಬ್ಬಿನವರೊಡನೆ ಜೆಬೆಲ್ ಹಫೀತ್ ಬೆಟ್ಟ ಹತ್ತುತ್ತೇನೆ. ಅವರ ಜೆರ್ಸಿ ನನಗೆ ಸರಿಯಾಗಿ ಕೂರುತ್ತದೆ. ಮೊನ್ನೆ ಸಂಜೆ ಐದಕ್ಕೆ, ಅಗತ್ಯವಿಲ್ಲದಿದ್ದರೂ, ಮತ್ತೆ ಟ್ರೇನರ್ ಹತ್ತಿದೆ. ಇಳಿದಾಗ ಗ್ಲಾಡಿಸಕ್ಕ ಗಂಜಿಯ ತಟ್ಟೆ ಹಿಡಿದು ನಿಂತಿದ್ದರು.

“ಎಲ್ಲಿವರೆಗೆ?”

“ಬೇವಿನ ಗಿಡದ ತನಾ.”

“ಆ ಮರ ಇಲ್ಲ ಅಂತ ನೀನೇ ಹೇಳಿದ್ದಲ್ವಾ?”

“ಅಲ್ಲಿ ಇಲ್ರಿ ಅಕ್ಕಾ. ಇಲ್ಲಿ ಐತಿ.”