ಮಾಡಿದವರ ಹೆಸರು

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾಗ ಹರಿಹರದಿಂದ ಫೋನ್ ಬಂತು. ವಿದ್ಯಾನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಮೇಡಂಗೆ ಬರುವ ಫೋನೆಲ್ಲ ನಮ್ಮಲ್ಲಿಗೇ ಬರುತ್ತಿತ್ತು.

ಅವರು ಹರಿಹರದ ಕಾರ್ಖಾನೆಯೊಂದಕ್ಕೆ ವೆಬ್ ಪ್ರೋಗ್ರಾಂ ಮಾಡುತ್ತಿದ್ದರು. ಹುಡುಕುವುದಕ್ಕೊಂದು, ಪಾಸ್‌ವರ್ಡ್ ಕೇಳುವುದಕ್ಕೊಂದು ಅಂತ ಯಾರ್ಯಾರೋ ಮಾಡಿ ಪುಕ್ಕಟೆ ಕೊಟ್ಟ, ಪ್ಯಾಕೇಜು ಅನ್ನುವ ಸಿದ್ಧ ಪ್ರೋಗ್ರಾಂ ತುಣುಕುಗಳನ್ನು ಇಂಟರ್ನೆಟ್ಟಿನಿಂದ ಇಳಿಸಿ ಅದಕ್ಕೆ ಸೇರಿಸುತ್ತಿದ್ದರು. ಹೊಗಳಿದರೆ ಕನ್ನಡಕವನ್ನು ಮೂಗಿನ ಮೇಲೇರಿಸುತ್ತ, "ಅದು ನಂದಲ್ರಿ, ಜೋಡ್ಸಿದ್ದಷ್ಟೇ ನಂದು" ಅನ್ನುವರು. ಊರಿಂದ ತಂದ ಚಟ್ನಿಪುಡಿ ಚೆನ್ನಾಗಿದೆ ಅಂದರೂ, "ನಂದಲ್ರಿ, ನಮ್ಮತ್ತಿಗೇದು."

ಪ್ಯಾಕೇಜು ಮಾಡಿದವರ ಹೆಸರೆಲ್ಲ ಅಳಿಸಿ ಕಾರ್ಖಾನೆಯ ಹೆಸರಷ್ಟೇ ಹಾಕಬೇಕೆಂದು ಅಲ್ಲಿನ ಮ್ಯಾನೇಜರು ಹಟ ಹಿಡಿದರು. ಮೇಡಂ ಒಪ್ಪಲಿಲ್ಲ. "ಹಂಗಾದ್ರೆ ಬರಬ್ಯಾಡ್ರಿ" ಅಂದುಬಿಟ್ಟರಂತೆ ಮ್ಯಾನೇಜರು. ಮಲೆಬೆನ್ನೂರಿನ ತಮ್ಮ ಮನೆಗೆ ಹೊರಡಲು ಮೇಡಂ ಸೂಟ್‌ಕೇಸ್ ತುಂಬತೊಡಗಿದ್ದರು.

"ಪುಕ್ಕಟೆ ಕೊಟ್ಟೋರು ಕೇಳಾಕ ಬರ್ತಾರೇನ್ರಿ? ಸುಮ್ನ ಅಳಿಸ್ರಿ" ಅಂದೆ ನಾನು.

"ಅವ್ರು ಕೇಳಿದ್ದು ಅದೊಂದೇ ಅಲ್ಲೇನ್ರಿ ಅಕ್ಕಾರೆ, ಹೆಸರಿರ್ಲಿ ಅಂತ."

ಈಗ ಫೋನಿನಲ್ಲಿ ಆ ಮ್ಯಾನೇಜರೇ. "ಹೆಸರು ಇದ್ದಂಗ ಇರ್ಲಿ, ನಾಳೆ ಬರ್ಬೇಕಂತ ಹೇಳ್ರಿ ಅಮ್ಮಾರೆ. ಅವ್ರನ್ನ ಬಿಟ್ರೆ ಅದನ್ನ ಮುಗ್ಸೋರು ಯಾರೂ ಇಲ್ಲ" ಅಂದರು.

ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಹೇಳಿದೆ. ಮೇಲೆ ಸೂಟ್‌ಕೇಸ್ ತೆರೆದು ಸೀರೆ ಕೊಡವುವುದು ಕೇಳಿಸಿತು. ಆವತ್ತು ನಮ್ಮ ಫೋನು ಕೆಟ್ಟಿರಲಿಲ್ಲ, ಮೇಡಂ ಮಧ್ಯಾಹ್ನದ ಬಸ್ಸು ಹತ್ತಿರಲಿಲ್ಲ, ಶಿವ ದೊಡ್ಡವನು. ಅವರ ಪಾಲಿನದೂ ಒಂದು ಹಿಡಿ ಸೇರಿಸಿ ಬೇಳೆ ಬೇಯಲಿಟ್ಟೆ.